ಪಠ್ಯಪುಸ್ತಕದ ಪಾಠ ಬದಲಾದಾಗ ಪೋಷಕರೂ ಶಿಕ್ಷಕರೂ ಅದನ್ನು ಪರಿಶೀಲಿಸುವ ಬಗೆ

ಶಾಲೆಯಲ್ಲಿ ಏನನ್ನು ಕಲಿಸಬೇಕು ಎಂಬ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಯಾರ ಪಾಠ ಬಂತು, ಯಾರ ಪಾಠ ಹೋಯಿತು ಎಂಬ ಲೆಕ್ಕಕ್ಕೆ ಇಳಿದುಬಿಡುತ್ತದೆ. ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯಲ್ಲಿ ಪರಿಷ್ಕೃತವಾಗಿದ್ದ ರಾಜ್ಯದ ಪಠ್ಯಪುಸ್ತಕಗಳನ್ನು ರೋಹಿತ್ ಚಕ್ರತೀರ್ಥ ಅವರ ಸಮಿತಿ ಮತ್ತೆ ಪರಿಷ್ಕರಿಸಿತು. 2022ರಲ್ಲಿ ದೊಡ್ಡ ವಿವಾದವೆದ್ದಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಆ ಪರಿಷ್ಕರಣೆಯ ಹಲವು ಪಾಠಗಳನ್ನು ಕೈಬಿಟ್ಟಿತು. ಸಾರಾ ಅಬೂಬಕರ್ ಅವರ ‘ಯುದ್ಧ’ 10ನೇ ತರಗತಿಯ ಕನ್ನಡ ಪುಸ್ತಕದಿಂದ ಹೊರಬಿದ್ದು ಮರುವರ್ಷ ಒಳಬಂದಿತು. ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಅವರ ಭಾಷಣ ಒಳಬಂದು ಹೊರಹೋಯಿತು. ಪಾಠವನ್ನು ಮಗುವಿನ ಓದಿನ ಕಡೆಯಿಂದ ಪರಿಶೀಲಿಸುವುದು ಹೇಗೆ, ಆಕ್ಷೇಪವಿದ್ದರೆ ಅದನ್ನು ಎಲ್ಲಿ ಸಲ್ಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಪುಸ್ತಕವನ್ನು ಕೈಗೆ ತೆಗೆದುಕೊಳ್ಳಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳ ಪಿಡಿಎಫ್ ಪ್ರತಿಗಳು ದೊರೆಯುತ್ತವೆ. ಹಳೆಯ ಮುದ್ರಣ ಶಾಲೆಯ ಗ್ರಂಥಾಲಯದಲ್ಲಿಯೋ ಮೇಲಿನ ತರಗತಿಗೆ ಹೋದ ಮಕ್ಕಳ ಮನೆಯಲ್ಲಿಯೋ ಸಿಗುತ್ತದೆ. ಎರಡರಲ್ಲೂ ಮುದ್ರಣದ ವರ್ಷವನ್ನು ನೋಡಿಕೊಂಡು ಪರಿವಿಡಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಕು. 2022ರ ಮೇ ತಿಂಗಳಲ್ಲಿ ಭಗತ್ ಸಿಂಗ್ ಕುರಿತ ಪಾಠವನ್ನು ಕೈಬಿಡಲಾಗಿದೆ ಎಂಬ ಸುದ್ದಿ ಹಬ್ಬಿದಾಗ, ಪಾಠ ಪುಸ್ತಕದಲ್ಲೇ ಇದೆ ಎಂದು ಪಠ್ಯಪುಸ್ತಕ ಸಂಘ ಸ್ಪಷ್ಟೀಕರಣ ನೀಡಬೇಕಾಯಿತು. ಇನ್ನೊಂದು ತೊಡಕೂ ಉಂಟು: 2023ರ ಬದಲಾವಣೆಗಳಿಗಾಗಿ ಸರ್ಕಾರ ಪುಸ್ತಕಗಳನ್ನು ಮರುಮುದ್ರಿಸದೆ ಪೂರಕ ಪುಸ್ತಿಕೆಯ ದಾರಿ ಹಿಡಿಯಿತು. ಆದ್ದರಿಂದ ಮುಖ್ಯ ಪುಸ್ತಕವನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು. ಪೂರಕ ಪುಸ್ತಿಕೆ, ತಿದ್ದೋಲೆ (ತಪ್ಪು ತಿದ್ದುವ ಹಾಳೆ) ಮತ್ತು ಸುತ್ತೋಲೆಗಳು ಬಂದಿವೆಯೇ ಎಂದು ಶಾಲೆಯಲ್ಲಿ ವಿಚಾರಿಸಬೇಕು.

ಪರಿವಿಡಿಯ ಹೋಲಿಕೆ ಮುಗಿದ ಮೇಲೆ ಪಾಠದ ಒಳಗನ್ನು ವಾಕ್ಯಕ್ಕೆ ವಾಕ್ಯ ಹೋಲಿಸುವುದು ಅಗತ್ಯ, ಏಕೆಂದರೆ ಅತಿ ಮುಖ್ಯ ಬದಲಾವಣೆಗಳು ಶೀರ್ಷಿಕೆಯಲ್ಲಿ ಕಾಣಿಸುವುದಿಲ್ಲ. 9ನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬಸವಣ್ಣನವರ ಪರಿಚಯದ ಬಗ್ಗೆ ಮಠಾಧೀಶರು ಎತ್ತಿದ ಆಕ್ಷೇಪ ಕೆಲವೇ ವಾಕ್ಯಗಳಿಗೆ ಸಂಬಂಧಿಸಿದ್ದು. ಅಂಬೇಡ್ಕರ್ ಅವರ ಹೆಸರಿನ ಜೊತೆಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಎರಡು ಪದಗಳು ಬಿಟ್ಟುಹೋದದ್ದಕ್ಕೆ ವ್ಯಾಪಕ ವಿರೋಧ ಬಂದು, ಸರ್ಕಾರ ಅದೇ ವರ್ಷ ಅವನ್ನು ಮರಳಿ ಸೇರಿಸಲು ಆದೇಶಿಸಿತು. ಬದಲಾದ ವಾಕ್ಯವನ್ನು ಪುಟಸಂಖ್ಯೆಯೊಂದಿಗೆ ಬರೆದಿಟ್ಟುಕೊಳ್ಳಿ. ಮುಂದೆ ಅರ್ಜಿಗೆ ಅದೇ ಆಧಾರ.

ಬಹುತೇಕರು ಬಿಟ್ಟುಬಿಡುವ ಭಾಗವೆಂದರೆ ಪಾಠದ ಕೊನೆಯ ಅಭ್ಯಾಸ. ನನ್ನ ದೃಷ್ಟಿಯಲ್ಲಿ ಪಾಠವನ್ನು ಏಕೆ ಇಟ್ಟಿದ್ದಾರೆಂಬುದು ಪಾಠದ ಉದ್ದೇಶ ಹೇಳುವ ‘ಆಶಯ ಭಾವ’ಕ್ಕಿಂತ ಹೆಚ್ಚಾಗಿ ಪ್ರಶ್ನೆಗಳಲ್ಲಿ ಬಯಲಾಗುತ್ತದೆ, ಏಕೆಂದರೆ ಪರೀಕ್ಷೆಗೆ ಬರುವುದು ಅವು, ಮಕ್ಕಳು ಓದುವುದೂ ಅವನ್ನೇ. ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಎಂಬ ವಿಭಾಗ ಹೆಸರು, ಊರು, ಇಸವಿಗಳನ್ನು ಕೇಳಿ ಮುಗಿಸುತ್ತದೆ. ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಎಂಬ ವಿಭಾಗವಾದರೂ ಮಗುವನ್ನು ಯೋಚನೆಗೆ ಹಚ್ಚಬೇಕು. ಅಲ್ಲೂ ಗೈಡಿನ ಸಿದ್ಧ ಉತ್ತರವೇ ಸಾಕಾಗುವಂತಿದ್ದರೆ, ಪಾಠ ಯಾರದೇ ಆಗಿರಲಿ, ಅದು ಬಾಯಿಪಾಠದ ಸರಕು. 8ನೇ ತರಗತಿಯ ಕನ್ನಡ ಪಠ್ಯದಲ್ಲಿದ್ದ ಕೆ.ಟಿ. ಗಟ್ಟಿ ಅವರ ‘ಕಾಲವನ್ನು ಗೆದ್ದವರು’ ಪಾಠವನ್ನೇ ತೆಗೆದುಕೊಳ್ಳಿ. ಅಂಡಮಾನಿನ ಸೆರೆಕೋಣೆಗೆ ಬುಲ್‌ಬುಲ್ ಹಕ್ಕಿಗಳು ಬರುತ್ತಿದ್ದವು, ಅವುಗಳ ರೆಕ್ಕೆಯ ಮೇಲೆ ಕುಳಿತು ಸಾವರ್ಕರ್ ತಾಯ್ನಾಡಿಗೆ ಹೋಗಿಬರುತ್ತಿದ್ದರು ಎಂಬ ಅದರ ಮಾತು 2022ರಲ್ಲಿ ನಗೆಪಾಟಲಿಗೆ ಈಡಾಯಿತು. ಅದು ಅಲಂಕಾರ ಎಂದು ಸಮರ್ಥನೆಯೂ ಬಂತು. ದೊಡ್ಡವರ ಆ ಜಗಳಕ್ಕಿಂತ ತರಗತಿಗೆ ಬೇಕಾದ ಪರೀಕ್ಷೆ ಸರಳವಾದದ್ದು: ಇದು ಕವಿಮಾತು, ನಡೆದ ಸಂಗತಿಯ ವರದಿಯಲ್ಲ ಎಂಬುದನ್ನು ಹದಿಮೂರು ವರ್ಷದ ಓದುಗನಿಗೆ ತಿಳಿಸಿಕೊಡುವ ಸೂಚನೆ ಪಾಠದ ಪ್ರವೇಶದಲ್ಲಾಗಲಿ, ಟಿಪ್ಪಣಿಯಲ್ಲಾಗಲಿ, ಪ್ರಶ್ನೆಯಲ್ಲಾಗಲಿ ಇದೆಯೇ? ಇದೇ ಅಳತೆಯನ್ನು ನಿಮಗೆ ಮೆಚ್ಚಿಗೆಯಾದ ಮಹನೀಯರ ಪಾಠಕ್ಕೂ ಹಿಡಿಯದಿದ್ದರೆ ಪರಿಶೀಲನೆಗೆ ಅರ್ಥವಿಲ್ಲ.

ಪಾಠವೊಂದನ್ನು ತೆಗೆದಾಗ ‘ಹೊರೆ ಇಳಿಸಿದ್ದೇವೆ’ ಎಂಬ ಕಾರಣ ಕೇಳಿಬರುತ್ತದೆ. ಅದು ಯಾವಾಗಲೂ ನೆಪವಲ್ಲ. ಕೋವಿಡ್ ಕಾಲದ ಕಲಿಕೆಯ ನಷ್ಟ ನಿಜವಾಗಿಯೂ ಇತ್ತು. ಆದರೆ ಕೈಬಿಟ್ಟ ವಿಷಯ ಮಗುವಿಗೆ ಮುಂದೆ ಎಲ್ಲಿ ಸಿಗುತ್ತದೆ, ಯಾವ ಮಗುವಿಗೆ ಸಿಗುತ್ತದೆ ಎಂದು ಕೇಳಲೇಬೇಕು. ಕೇಂದ್ರದ ಪಠ್ಯಪುಸ್ತಕಗಳನ್ನು ರೂಪಿಸುವ ಸಂಸ್ಥೆಯಾದ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಿಂದ ಜೀವವಿಕಾಸವನ್ನು ತೆಗೆದಾಗ, 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ವಿಷಯವೇನೋ 12ನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆ. ಆದರೆ ಎಲ್ಲ ಮಕ್ಕಳೂ ವಿಜ್ಞಾನ ಓದುವ ಕೊನೆಯ ತರಗತಿ ಹತ್ತನೆಯದು. ಆಮೇಲೆ ವಾಣಿಜ್ಯಕ್ಕೋ ಕಲಾ ವಿಭಾಗಕ್ಕೋ ಐಟಿಐಗೋ ಹೋಗುವ ಮಗುವಿಗೆ ಡಾರ್ವಿನ್ ಶಾಲೆಯಲ್ಲಿ ಎದುರಾಗುವುದೇ ಇಲ್ಲ. ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಅಳವಡಿಸಿಕೊಂಡಿರುವುದರಿಂದ, ದೆಹಲಿಯ ಬದಲಾವಣೆ ಇಲ್ಲಿಗೂ ಬಂದಿದೆಯೇ ಎಂಬುದನ್ನು ನಿಮ್ಮ ಮಗುವಿನ ಪುಸ್ತಕದಲ್ಲೇ ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ಆಕ್ಷೇಪವಿದ್ದರೆ ಅದನ್ನು ಕಾನೂನಿನ ನೆಲೆಯಲ್ಲಿ ಬರೆಯುವುದು ಒಳ್ಳೆಯದು. ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಸೆಕ್ಷನ್ 1ರಿಂದ 8ನೇ ತರಗತಿವರೆಗಿನ ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಬೇಕು, ಮಗುವಿನ ಸರ್ವತೋಮುಖ ಬೆಳವಣಿಗೆಗೆ ನೆರವಾಗಬೇಕು, ಮಗುವನ್ನು ಭಯದಿಂದ ಮುಕ್ತಗೊಳಿಸಬೇಕು ಎನ್ನುತ್ತದೆ. ‘ನಮ್ಮ ಭಾವನೆಗೆ ಧಕ್ಕೆಯಾಗಿದೆ’ ಎಂಬ ಸಾಲಿಗಿಂತ ‘ಇಂತಿಷ್ಟನೇ ಪುಟದ ಈ ವಾಕ್ಯ ಈ ಕಾರಣಕ್ಕೆ ತಪ್ಪು, ಇದರ ಬದಲು ಹೀಗಿರಲಿ’ ಎಂಬ ಸಾಲಿಗೆ ತೂಕ ಹೆಚ್ಚು. ಪತ್ರವನ್ನು ಪಠ್ಯಪುಸ್ತಕ ಸಂಘಕ್ಕೂ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಗೂ (ಡಿಎಸ್‌ಇಆರ್‌ಟಿ) ಕಳುಹಿಸಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಚರ್ಚಿಸಿ, ನಡಾವಳಿಯ ಪ್ರತಿಯನ್ನು ಲಗತ್ತಿಸಿ.

ಬದಲಾವಣೆಗೆ ಸಮಿತಿ ಕೊಟ್ಟ ಕಾರಣ ತಿಳಿಯಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿಯೇ ದಾರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು; ಹೀಗಾಗಿ ‘ಎಲ್ಲ ದಾಖಲೆ ಕೊಡಿ’ ಎನ್ನದೆ, ಇಂಥ ಪಾಠದ ಬಗ್ಗೆ ಸಮಿತಿಯ ಸಭೆಯ ನಡಾವಳಿಯನ್ನಷ್ಟೇ ಕೇಳಿ.

ಈ ಕೆಲಸಕ್ಕೆ ಹೊತ್ತು ಗೊತ್ತಿರಬೇಕು. ಶಾಲೆ ಶುರುವಾಗುವ ವೇಳೆಗೆ ಪುಸ್ತಕಗಳು ಮಕ್ಕಳ ಕೈ ಸೇರಬೇಕಾದ್ದರಿಂದ ಮುದ್ರಣದ ತೀರ್ಮಾನಗಳು ತಿಂಗಳುಗಳ ಮೊದಲೇ ಆಗಿರುತ್ತವೆ. ಜೂನ್‌ನಲ್ಲಿ ಬರೆದ ಪತ್ರ ಆ ವರ್ಷಕ್ಕೆ ಹೆಚ್ಚೆಂದರೆ ಒಂದು ತಿದ್ದೋಲೆಯನ್ನು ತರಬಲ್ಲದು. ದಸರಾ ರಜೆಯ ಆಸುಪಾಸಿನಲ್ಲಿ ಪತ್ರ ತಲುಪಿದ್ದರೆ ಮುಂದಿನ ವರ್ಷದ ಪುಸ್ತಕಕ್ಕೆ ಅದನ್ನು ಪರಿಗಣಿಸಲು ಅವಕಾಶವಿರುತ್ತದೆ. ಅಲ್ಲಿಯವರೆಗೆ ಶಿಕ್ಷಕರು ಹಳೆಯ ಪಾಠವನ್ನೂ ಹೊಸ ಪಾಠವನ್ನೂ ತರಗತಿಯಲ್ಲಿ ಒಟ್ಟಿಗೆ ಓದಿಸಿ, ವ್ಯತ್ಯಾಸವೇನೆಂದು ಮಕ್ಕಳನ್ನೇ ಕೇಳಬಹುದು. ಅದಕ್ಕೆ ಯಾವ ಸಮಿತಿಯ ಶಿಫಾರಸೂ ಬೇಕಿಲ್ಲ.