ಸಾರಿ, ಅಪಾಲಜಿ, ರಿಗ್ರೆಟ್, ರಿಮೋರ್ಸ್: ಯಾವುದನ್ನು ಎಲ್ಲಿ ಬಳಸಬೇಕು?

ಕೋಲಾರದಲ್ಲಿ ನಾನು ನಡೆಸುವ ಸಂಜೆ ಇಂಗ್ಲಿಷ್ ಕ್ಲಾಸಿಗೆ ಬರುವವರಲ್ಲಿ ಜಾಸ್ತಿ ಜನ ನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರು. ಹೋದ ತಿಂಗಳು ಒಬ್ಬ ಹುಡುಗ ಮೊಬೈಲ್ ತೆಗೆದು ತೋರಿಸಿದ. ಬಸ್ ತಪ್ಪಿ ಶಿಫ್ಟಿಗೆ ಇಪ್ಪತ್ತು ನಿಮಿಷ ತಡವಾಗಿತ್ತಂತೆ. ಸೂಪರ್‌ವೈಸರ್‌ಗೆ 'ಐ ರಿಗ್ರೆಟ್ ಟು ಕಮ್ ಲೇಟ್' ಅಂತ ಕಳಿಸಿದ್ದ. "ಸಾರಿಗಿಂತ ದೊಡ್ಡ ಮಾತು ಇರಲಿ ಅಂತ ಹಾಕಿದೆ ಮೇಡಂ" ಅಂದ.

ರಿಗ್ರೆಟ್ ಅಂದ್ರೆ ದೊಡ್ಡ ಸಾರಿ ಅಲ್ಲ, ಅದು ಬೇರೆಯೇ ಮಾತು. ಇಪ್ಪತ್ತು ನಿಮಿಷಕ್ಕೆ 'ಸಾರಿ, ಐ ಆಮ್ ಲೇಟ್' ಸಾಕು.

ಬರೆಯೋಕೆ ಮೊದಲು ಕೇಳಿಕೊಳ್ಳಿ: ತಪ್ಪು ನನ್ನದಾ? ಹೌದು, ಅದನ್ನ ಒಪ್ಪಿಕೊಳ್ಳಬೇಕು ಅನ್ನೋದಾದ್ರೆ 'ಅಪಾಲಜೈಸ್' ಬಳಸಿ. ಯಾರಿಗೆ ಹೇಳುತ್ತೀರೋ ಅವರ ಹಿಂದೆ 'ಟು', ಯಾವುದಕ್ಕೆ ಹೇಳುತ್ತೀರೋ ಅದರ ಹಿಂದೆ 'ಫಾರ್' ಬರಬೇಕು. 'ಐ ಅಪಾಲಜೈಸ್ ಟು ಯು ಫಾರ್ ದಿ ಡಿಲೇ.' ನಮ್ಮಲ್ಲಿ ತುಂಬಾ ಜನ ಆ 'ಟು' ಬಿಟ್ಟು ಬರೆಯುತ್ತಾರೆ.

'ರಿಗ್ರೆಟ್' ಅಂದ್ರೆ ಹಾಗಾಗಬಾರದಿತ್ತು, ಬೇಜಾರಿದೆ ಅಂತ. ತಪ್ಪು ಯಾರದು ಅನ್ನೋದನ್ನ ಅದು ಬಾಯಿ ಬಿಟ್ಟು ಹೇಳೋದಿಲ್ಲ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ್ದು 1919ರಲ್ಲಿ. ನೂರು ವರ್ಷ ಆದಮೇಲೆ, 2019ರ ಏಪ್ರಿಲ್‌ನಲ್ಲಿ, ಬ್ರಿಟನ್ ಪ್ರಧಾನಿ ತೆರೆಸಾ ಮೇ ಪಾರ್ಲಿಮೆಂಟಿನಲ್ಲಿ 'ಡೀಪ್ಲಿ ರಿಗ್ರೆಟ್' ಅಂದರು. ಅಪಾಲಜಿ ಕೇಳಲಿಲ್ಲ. ಅದೇ ಕೆನಡಾ ನೋಡಿ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಹೋದ ನಮ್ಮವರನ್ನ ಇಳಿಯೋಕೆ ಬಿಡದೆ ವಾಪಸ್ ಕಳಿಸಿದ್ದಕ್ಕೆ 2016ರಲ್ಲಿ ಅಲ್ಲಿನ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಪಾರ್ಲಿಮೆಂಟಿನಲ್ಲೇ ಅಪಾಲಜಿ ಕೇಳಿದರು. ಈ ಎರಡು ಪದದ ನಡುವೆ ಎಷ್ಟು ದೂರ ಇದೆ ಅಂತ ಗೊತ್ತಾಗುತ್ತೆ, ಅಲ್ವಾ?

ರಿಗ್ರೆಟ್ ಮುಂದೆ 'ಟು' ಹಾಕಿದರೆ ಈಗ ಕೆಟ್ಟ ಸುದ್ದಿ ಹೇಳ್ತೀನಿ ಅಂತ ಅರ್ಥ. 'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು' ಅಂತ ಶುರುವಾಗುವ ಪತ್ರದಲ್ಲಿ ಕೆಲಸ ಸಿಕ್ಕಿರೋದಿಲ್ಲ. ಆಗಿಹೋದ ವಿಷಯಕ್ಕೆ 'ಇಂಗ್' ಬೇಕು. ಇದಕ್ಕೊಂದು ವಾಕ್ಯ ಮಾಡಿ ಅಂದಾಗ ಒಬ್ಬಳು ಬೋರ್ಡ್ ಮೇಲೆ 'ಮೈ ಫಾದರ್ ರಿಗ್ರೆಟ್ಸ್ ಸೆಲ್ಲಿಂಗ್ ದಿ ಲ್ಯಾಂಡ್' ಅಂತ ಬರೆದಳು. ಕ್ಲಾಸ್ ಒಂದು ನಿಮಿಷ ಸುಮ್ಮನಾಯಿತು. ಜಮೀನು ಕೊಟ್ಟ ಮನೆಯವರು ಅಲ್ಲಿ ಇನ್ನೂ ಮೂರ್ನಾಲ್ಕು ಜನ ಇದ್ದರು.

ಸಾವಿನ ಮನೆಯಲ್ಲಿ ಇಂಗ್ಲಿಷಿನವರು 'ಸಾರಿ' ಅನ್ನೋದು ಕ್ಷಮೆ ಕೇಳೋಕಲ್ಲ. ಆ ಪದ ಹುಟ್ಟಿದ್ದೇ ನೋವು ಅನ್ನೋ ಅರ್ಥದಿಂದ. 'ಐ ಆಮ್ ಸಾರಿ ಫಾರ್ ಯುವರ್ ಲಾಸ್' ಅಂದ್ರೆ ನಿಮ್ಮ ದುಃಖಕ್ಕೆ ನನಗೂ ಸಂಕಟ ಆಗ್ತಿದೆ ಅಂತ. ಫ್ಯಾಕ್ಟರಿಯ ಹೊರದೇಶದ ಮ್ಯಾನೇಜರ್ ಮನೆಯಲ್ಲಿ ಸಾವಾದರೆ ಇದನ್ನೇ ಬರೆಯಿರಿ, ಧೈರ್ಯವಾಗಿ.

'ರಿಮೋರ್ಸ್' ಮಾತ್ರ ಸಣ್ಣಪುಟ್ಟದಕ್ಕೆ ಬೇಡ. ಲ್ಯಾಟಿನ್‌ನಲ್ಲಿ ಅದರ ಮೂಲ 'ಮತ್ತೆ ಕಚ್ಚು' ಅಂತ. ನಾವು ಮನಸ್ಸು ಚುಚ್ಚುತ್ತೆ ಅಂತೀವಲ್ಲ, ಅದು. 'ಐ ರಿಮೋರ್ಸ್' ಅನ್ನೋ ಹಾಗಿಲ್ಲ, 'ಐ ಫೀಲ್ ರಿಮೋರ್ಸ್' ಅನ್ನಬೇಕು. ಬೇರೆಯವರಿಗೆ ನಾವೇ ಕೈಯಾರೆ ನೋವು ಮಾಡಿದಾಗ ಬಳಸುವ ಮಾತು ಇದು.

ಪಾಠ ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗಿ 'ಇಸ್ಕೂಲ್' ಅಂದಳು. ಎಲ್ಲರ ಮುಂದೆ ನಕ್ಕುಬಿಟ್ಟೆ. ತಲೆ ತಗ್ಗಿಸಿ ನೋಟ್‌ಬುಕ್ ಮುಚ್ಚಿದಳು. ಮಾರನೇ ದಿನದಿಂದ ಬರಲಿಲ್ಲ. ಹನ್ನೊಂದು ವರ್ಷ ಆಯಿತು. ಈಗಲೂ ಯಾರಾದರೂ 'ಇಸ್ಕೂಲ್' ಅಂದರೆ ಆ ನೋಟ್‌ಬುಕ್ ಕಣ್ಣ ಮುಂದೆ ಬರುತ್ತೆ. ಅವಳು ಎಲ್ಲಾದರೂ ಸಿಕ್ಕರೆ ಇಂಗ್ಲಿಷಿನಲ್ಲಿ ಏನೂ ಹೇಳೋದಿಲ್ಲ. "ತಪ್ಪಾಯ್ತಮ್ಮ, ಹೊಟ್ಟೆಗೆ ಹಾಕ್ಕೊ" ಅಂತೀನಿ.