ಶಾಯಿ ಕದಡದಂತೆ ಮೂವತ್ತು ಕಿಲೋಮೀಟರ್

ಜನವರಿಯ ಬೆಳಗಿನ ಐದು ಗಂಟೆಗೆ ಊಟಿಯ ಬಸ್ ನಿಲ್ದಾಣದ ಎದುರು ಆರು ಜನ ಮುಂಡಾಸು ಕಟ್ಟಿ, ಗೆಜ್ಜೆ ಬಿಗಿದ ಕೋಲು ಹಿಡಿದು ನಿಂತಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಮೊದಲ ವರ್ಷ ಗಸ್ತಿನ ಪೊಲೀಸರೊಬ್ಬರು ಹತ್ತಿರ ಬಂದು, ಯಾವ ದೇವಸ್ಥಾನಕ್ಕೆ ಹರಕೆ ಎಂದು ವಿಚಾರಿಸಿದರು. ಕೋತಗಿರಿಗೆ ತಪಾಲು ಹಂಚುವುದಕ್ಕೆ ಓಡುತ್ತಿದ್ದೇವೆ ಎಂದೆ. ಅವರು ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಟೀ ಅಂಗಡಿಯ ಕಡೆ ಹೊರಟುಹೋದರು. ಅಷ್ಟು ಚಳಿಯಲ್ಲಿ ಎರಡನೆಯ ಪ್ರಶ್ನೆ ಕೇಳುವ ಉಮೇದು ಯಾರಿಗಿರುತ್ತದೆ?

ನಾನು ಊಟಿಯ ತರಕಾರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮನೆತನ ಗುಂಡ್ಲುಪೇಟೆ ಕಡೆಯದು, ಅಪ್ಪನ ಕಾಲಕ್ಕೆ ಬೆಟ್ಟ ಹತ್ತಿದ್ದು. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ಓಡಲು ಶುರು ಮಾಡಿದೆ. ಎರಡು ವರ್ಷ ಒಂದೇ ರಸ್ತೆಯಲ್ಲಿ ಓಡಿ ಬೇಸರ ಹತ್ತಿದಾಗ, ಜೊತೆಗೆ ಓಡುತ್ತಿದ್ದ ನಿವೃತ್ತ ಮೇಷ್ಟ್ರು ಒಂದು ಹುಚ್ಚು ಹಚ್ಚಿದರು. ಹಿಂದಿನ ಅಂಚೆ ಹರಿಕಾರರು ಓಡಿದಂತೆ ನಾವೂ ಒಂದು ದಿನ ಓಡಬೇಕು, ಅದೂ ವರ್ಷದಲ್ಲಿ ಅತಿ ಹೆಚ್ಚು ಚಳಿ ಇರುವ ದಿನಗಳಲ್ಲಿ.

ಮೈಸೂರು ಸೀಮೆಯವರಿಗೆ ಅಂಚೆಯ ಮೇಲೆ ಸ್ವಲ್ಪ ಜಂಬ ಇರುವುದು ಸಹಜ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವ ತನಕ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಮೇಷ್ಟ್ರ ಬಳಿ 1937ರ ಎರಡಾಣೆಯ ಅಂಚೆಚೀಟಿಯೊಂದಿದೆ, ಅದರ ಮೇಲಿರುವುದೂ ಓಡುವ ಅಂಚೆಯವನೇ. ಅದನ್ನು ಅವರು ಭೂತಗನ್ನಡಿ ಸಮೇತ ಎಲ್ಲರಿಗೂ ತೋರಿಸಿದರು. ನಾವು ಒಪ್ಪಿಕೊಂಡೆವು.

ನಿಯಮಗಳನ್ನೂ ಅವರೇ ಮಾಡಿದರು. ಒಬ್ಬೊಬ್ಬರಿಗೆ ಇಪ್ಪತ್ತು ಕಾಗದ. ಎಲ್ಲವನ್ನೂ ಶಾಯಿ ಪೆನ್ನಿನಲ್ಲೇ ಬರೆದಿರಬೇಕು. ಕೋತಗಿರಿ ದಾರಿಯ ಐದು ಕಡೆ ನಿಜವಾದ ಮನೆಗಳಿಗೆ, ನಿಜವಾದ ಜನರಿಗೆ ಅವನ್ನು ತಲುಪಿಸಿ ಸಹಿ ಹಾಕಿಸಿಕೊಳ್ಳಬೇಕು. ಅಕ್ಷರ ಕದಡಿದ ಪ್ರತಿ ಕಾಗದಕ್ಕೆ ಐದು ನಿಮಿಷ ದಂಡ. ಪ್ಲಾಸ್ಟಿಕ್ ಚೀಲ ಕೂಡದು. ನೀಲಗಿರಿ ಜಿಲ್ಲೆಯಲ್ಲಿ ಅದಕ್ಕೆ ಹೇಗೂ ನಿಷೇಧವಿದೆ ಎಂದು ಮೇಷ್ಟ್ರು ಸರ್ಕಾರವನ್ನೂ ತಮ್ಮ ಪಕ್ಷಕ್ಕೆ ಎಳೆದುಕೊಂಡರು. ಮೇಲ್ನೋಟಕ್ಕೆ ಮಕ್ಕಳಾಟ. ಆದರೆ ಚಳಿಯಲ್ಲಿ ಓಡುವವನಿಗೆ ಇದಕ್ಕಿಂತ ಕಟುವಾದ ಪರೀಕ್ಷಕನಿಲ್ಲ ಎಂಬುದು ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ಚಳಿಗಾಲದ ಓಟಗಾರ ಎಷ್ಟು ಬೆವರಿದ್ದಾನೆ ಎಂಬುದನ್ನು ಅವನ ಬೆನ್ನಿನ ಕಾಗದ ಸುಳ್ಳಿಲ್ಲದೆ ಹೇಳಿಬಿಡುತ್ತದೆ.

ಅಂಚೆ ಇಲಾಖೆಯಲ್ಲಿದ್ದ ಗೆಳೆಯರೊಬ್ಬರು ಇದು ಕಾನೂನಿಗೆ ವಿರುದ್ಧ ಎಂದು ಹೆದರಿಸಿದರು. 1898ರ ಕಾಯ್ದೆಯಲ್ಲಿ ಪತ್ರ ಸಾಗಿಸುವ ಹಕ್ಕು ಸರ್ಕಾರದ್ದೇ ಆಗಿತ್ತು, ನಿಜ. ಆದರೆ ಕೂಲಿ ಪಡೆಯದೆ ಸ್ನೇಹಿತನ ಕಾಗದವನ್ನು ದಾರಿಯಲ್ಲಿ ಒಯ್ದು ಕೊಡುವುದಕ್ಕೆ ಆ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಈಗ 2023ರ ಹೊಸ ಕಾಯ್ದೆ ಬಂದು ಆ ಏಕಸ್ವಾಮ್ಯವೂ ಹೋಯಿತು, ಗೆಳೆಯರ ತಮಾಷೆಯೂ ಹೋಯಿತು.

ಇನ್ನು ಚಳಿಯ ವಿಷಯ. ಊಟಿಯಲ್ಲಿ ಆಕಾಶದಿಂದ ಹಿಮ ಸುರಿಯುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು, ಹುಲ್ಲಿನ ಮೇಲೆ ನೀರಿನ ಆವಿ ನೇರವಾಗಿ ಹರಳುಗಟ್ಟುತ್ತದೆ. ನಮ್ಮ ಮನೆಯಲ್ಲೂ ಅದಕ್ಕೆ ತಮಿಳಿನ ಹೆಸರೇ: ಉರೈಪನಿ. ಡಿಸೆಂಬರ್, ಜನವರಿಯಲ್ಲಿ ಕುದುರೆ ರೇಸಿನ ಮೈದಾನ, ತಲೈಕುಂದಾ, ಕಾಂದಲ್ ಕಡೆಯ ತಗ್ಗುಗಳು ಬೆಳಿಗ್ಗೆ ಸುಣ್ಣ ಬಳಿದಂತೆ ಕಾಣುತ್ತವೆ. ಚಹಾ ಗಿಡ ಇದಕ್ಕೆ ಸಿಕ್ಕಿದರೆ ಎಲೆಗಳು ಸುಟ್ಟಂತೆ ಕಂದುಗಟ್ಟುತ್ತವೆ, ರೈತರು ಎಳೆಯ ಗಿಡಗಳಿಗೆ ಒಣಹುಲ್ಲು ಹೊದಿಸುತ್ತಾರೆ.

ಓಡುವವರು ತಿಳಿದುಕೊಳ್ಳಬೇಕಾದದ್ದು ಇಲ್ಲೊಂದಿದೆ. ತಣ್ಣನೆಯ ಗಾಳಿ ಭಾರವಾದದ್ದು, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಆದ್ದರಿಂದ ಅಂಥ ಬೆಳಗುಗಳಲ್ಲಿ 2,240 ಮೀಟರ್ ಎತ್ತರದ ಊಟಿಯ ತಗ್ಗಿಗಿಂತ ದೊಡ್ಡಬೆಟ್ಟದ ಕಡೆಯ ಏರಿನಲ್ಲೇ ಚಳಿ ಕಡಿಮೆ. ನನ್ನ ಕೋಲಿಗೆ ಕಟ್ಟಿದ್ದ ಪುಟ್ಟ ಥರ್ಮಾಮೀಟರ್ ಬಸ್ ನಿಲ್ದಾಣದ ಬಳಿ 1 ಡಿಗ್ರಿ ತೋರಿಸಿದರೆ, ದೊಡ್ಡಬೆಟ್ಟದ ಕವಲು ರಸ್ತೆಯ ಹತ್ತಿರ 5 ತೋರಿಸಿತು. ಮೇಲೆ ಹೋದಂತೆ ಚಳಿ ಹೆಚ್ಚುತ್ತದೆ ಎಂದು ಶಾಲೆಯಲ್ಲಿ ಕಲಿತದ್ದನ್ನು ನಂಬಿ ಮೊದಲ ವರ್ಷ ನಾನು ಬನಿಯನ್, ಹತ್ತಿ ಅಂಗಿ, ಅದರ ಮೇಲೆ ಉಣ್ಣೆಯ ಸ್ವೆಟರ್ ತೊಟ್ಟು ಹೊರಟಿದ್ದೆ. ಅದು ಏರುದಾರಿ, ಬೆನ್ನಿಗೆ ಅಂಟಿದ ಚೀಲ ಬೇರೆ. ಮೂರನೆಯ ಕಿಲೋಮೀಟರಿಗೆ ಮೈ ಒಲೆಯಾಗಿತ್ತು. ಇಳಿಜಾರು ಸಿಕ್ಕಿ ಉಸಿರು ಹಗುರಾದಾಗ ಅದೇ ಹತ್ತಿಯ ಬಟ್ಟೆ ಒದ್ದೆ ಗೋಣಿಯಂತೆ ಮೈಗೆ ಅಂಟಿ ಕೊರೆಯತೊಡಗಿತು. ಕೋತಗಿರಿ ಮುಟ್ಟಲು 4 ಗಂಟೆ 10 ನಿಮಿಷ. ಕದಡಿದ ಕಾಗದ ಹದಿಮೂರು, ದಂಡ 65 ನಿಮಿಷ, ಸ್ಥಾನ ಕೊನೆಯದು. ತುಮ್ಮನಹಟ್ಟಿಯಲ್ಲಿ ನನ್ನಿಂದ ಕಾಗದ ಪಡೆದ ಅಣ್ಣನೊಬ್ಬ ಅದನ್ನು ಬೆಳಕಿಗೆ ಹಿಡಿದು, "ಇದು ಕಾಗದವೋ, ನೀಲಿ ಹಚ್ಚಿದ ಬಟ್ಟೆಯೋ?" ಎಂದ.

ಎರಡನೆಯ ವರ್ಷ ಹತ್ತಿಯನ್ನು ಕೈಬಿಟ್ಟೆ. ಬೆವರು ಹೀರದ ತೆಳುವಾದ ಪಾಲಿಯೆಸ್ಟರ್ ಬನಿಯನ್, ಮೇಲೆ ಗಾಳಿ ತಡೆಯುವ ತೆಳುವಾದ ಜಾಕೆಟ್, ಅಷ್ಟೇ. ಹೊರಡುವಾಗ ಹಲ್ಲು ಕಟಕಟಿಸುತ್ತಿರಬೇಕು. ಬೆಚ್ಚಗೆ ನಿಂತಿದ್ದೀರಿ ಎಂದರೆ ಬಟ್ಟೆ ಹೆಚ್ಚಾಗಿದೆ ಎಂದೇ ಅರ್ಥ. ಅಷ್ಟು ಸರಿಯಾಗಿಯೇ ಮಾಡಿದೆ. ಕೆಟ್ಟದ್ದು ನಿಂತದ್ದರಿಂದ. ಏರು ಮುಗಿದ ಖುಷಿಯಲ್ಲಿ ಜೊತೆಗಾರನಿಗೆ ಕಾಯುತ್ತಾ ಹತ್ತು ನಿಮಿಷ ಹರಟೆ ಹೊಡೆದೆ. ಮತ್ತೆ ಹೊರಟಾಗ ಬೆರಳುಗಳು ನನ್ನವಾಗಿರಲಿಲ್ಲ. ಮೊದಲ ಮನೆಯ ಬಾಗಿಲಲ್ಲಿ ಚೀಲದ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಎಳೆಯುತ್ತಿದ್ದೆ. ಅದನ್ನು ನೋಡಿದ ಆ ಮನೆಯ ಅಜ್ಜಿ ನನ್ನ ಎರಡೂ ಕೈಗಳನ್ನು ಹಿಡಿದು ಒಲೆಯ ಹತ್ತಿರ ಕೂರಿಸಿದರು. ಅವರದು ಈ ಬೆಟ್ಟಗಳ ಬಡಗ ಜನರ ನುಡಿ, ಪೂರ್ತಿ ಹಿಡಿಯಲಿಲ್ಲವಾದರೂ ಬೈಗುಳ ಚೆನ್ನಾಗಿ ಅರ್ಥವಾಯಿತು. ಬಡಗ ಕೇಳುತ್ತಿದ್ದರೆ ಯಾವುದೋ ಹಳೆಯ ಕನ್ನಡವನ್ನು ಗೋಡೆಯಾಚೆಯಿಂದ ಕೇಳಿದಂತಾಗುತ್ತದೆ. ಆ ವರ್ಷ ಒಂಬತ್ತು ಕಾಗದ ಹೋದವು.

ಅಂದಿನಿಂದ ಏರಿನ ತುದಿಯಲ್ಲಿ ನಿಲ್ಲುವುದಿಲ್ಲ. ಕಾಯಲೇಬೇಕಾದರೆ ಹಿಂದಕ್ಕೂ ಮುಂದಕ್ಕೂ ನಡೆದಾಡುತ್ತೇನೆ. ಕೈಗವಸಿನ ಬದಲು ಉಣ್ಣೆಯ ಕಾಲುಚೀಲವನ್ನು ಕೈಗೆ ಹಾಕುತ್ತೇನೆ. ಬೆರಳುಗಳೆಲ್ಲ ಒಂದೇ ಗೂಡಿನಲ್ಲಿದ್ದರೆ ಒಂದಕ್ಕೊಂದು ಬೆಚ್ಚಗಿಡುತ್ತವೆ. ಹೆಂಡತಿ ಇದನ್ನು ಕಂಡು ನಾಚಿಕೆಯಿಂದ ಬಾಗಿಲು ಹಾಕಿಕೊಂಡಳು.

ಕಾಗದದ ಸಮಸ್ಯೆ ಬಗೆಹರಿದದ್ದು ಮೂರನೆಯ ವರ್ಷ, ಅದೂ ಮೇಷ್ಟ್ರ ಹಳೆಯ ಚಿತ್ರಗಳನ್ನು ಸರಿಯಾಗಿ ನೋಡಿದಾಗ. ಹರಿಕಾರನ ಚೀಲ ಬೆನ್ನಿಗೆ ಅಂಟಿಕೊಂಡಿಲ್ಲ, ಹೆಗಲ ಮೇಲಿನ ಕೋಲಿನ ಹಿಂತುದಿಗೆ ನೇತಾಡುತ್ತಿದೆ. ಅಷ್ಟು ದಿನ ಅದನ್ನು ಚಿತ್ರದ ಸೊಗಸು ಎಂದುಕೊಂಡಿದ್ದೆ. ಬೆನ್ನಿಗೂ ಚೀಲಕ್ಕೂ ನಡುವೆ ಒಂದು ಗೇಣು ಗಾಳಿ ಆಡಿದರೆ ಬೆನ್ನೂ ಒಣಗಿರುತ್ತದೆ, ತಪಾಲೂ ಒಣಗಿರುತ್ತದೆ. ನಾನೂ ಹಾಗೆಯೇ ನೇತುಹಾಕಿದೆ. ಕಾಗದಗಳನ್ನು ಎರಡು ಪದರ ಹಳೆಯ ಪತ್ರಿಕೆಯಲ್ಲಿ ಸುತ್ತಿದೆ, ಅದು ತೇವ ಹೀರಿಕೊಳ್ಳುತ್ತದೆ. ತೊಂದರೆ ಇಲ್ಲವೆಂದಲ್ಲ. ಇಳಿಜಾರಿನಲ್ಲಿ ಚೀಲ ಗಡಿಯಾರದ ಲೋಲಕದಂತೆ ತೂಗಿ ಸೊಂಟಕ್ಕೆ ಗುದ್ದುತ್ತದೆ. ಚೀಲದ ಕೆಳತುದಿಗೆ ಒಂದು ದಾರ ಕಟ್ಟಿ ಎಡಗೈಯಲ್ಲಿ ಹಿಡಿದುಕೊಂಡರೆ ಅದು ಶಾಂತವಾಗುತ್ತದೆ. ಹೆಗಲು ಮಾತ್ರ ಎರಡು ದಿನ ನೋಯುತ್ತದೆ, ಪ್ರತಿ ಎರಡು ಕಿಲೋಮೀಟರಿಗೆ ಬದಲಿಸಿಕೊಳ್ಳಬೇಕು.

ಗೆಜ್ಜೆಯನ್ನೂ ಮೊದಲು ಅಲಂಕಾರವೆಂದೇ ತಿಳಿದಿದ್ದೆ. ಹಿಂದಿನವರು ಕಾಡುಪ್ರಾಣಿಗಳು ದೂರ ಸರಿಯಲಿ ಎಂದು ಕಟ್ಟುತ್ತಿದ್ದರು. ಈಗ ಕಾಡೆಲ್ಲಿದೆ ಎಂದು ನಗುತ್ತಿದ್ದ ನಮಗೆ, ಕಟ್ಟಬೆಟ್ಟುವಿಗೆ ಮುಂಚೆ ಚಹಾ ತೋಟದ ಅಂಚಿನಲ್ಲಿ ಮಂಜಿನೊಳಗಿಂದ ಒಂದು ಕಪ್ಪು ಬಂಡೆ ತಲೆ ಎತ್ತಿ ನೋಡಿತು. ಕಾಟಿ, ಅಂದರೆ ಕಾಡುಕೋಣ. ಈ ಕಡೆಯ ತೋಟಗಳಲ್ಲಿ ಅವು ಹಗಲಲ್ಲೂ ಮೇಯುತ್ತವೆ, ಕೋತಗಿರಿಯ ಸುತ್ತ ಕರಡಿಯ ಕಾಟ ಬೇರೆ. ಕಾಟಿಯನ್ನು ಕೆರಳಿಸುವುದು ತಟ್ಟನೆ ಎದುರಾಗುವ ಮನುಷ್ಯ. ಗೆಜ್ಜೆಯ ಸದ್ದು ನಮಗಿಂತ ಮೊದಲೇ ಹೋಗಿ ನಮ್ಮ ಬರವನ್ನು ತಿಳಿಸಿರುತ್ತದೆ. ಅಂದು ನಾವು ನಿಂತೆವು, ಕೋಲನ್ನು ನಿಧಾನವಾಗಿ ಅಲುಗಿಸಿದೆವು, ಅದು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ತೋಟಕ್ಕೆ ಇಳಿಯಿತು. ಹನ್ನೊಂದು ನಿಮಿಷ ಹೋಯಿತು. ದಂಡದಲ್ಲಿ ಕಳೆಯಬೇಕೆಂದು ವಾದಿಸಿದೆ, ಮೇಷ್ಟ್ರು ಒಪ್ಪಲಿಲ್ಲ.

ವೇಷದಲ್ಲಿ ಎಲ್ಲವೂ ಹೀಗೆ ಕೆಲಸಕ್ಕೆ ಬರಲಿಲ್ಲ. ಬ್ಯಾಂಕಿನಲ್ಲಿರುವ ಗೆಳೆಯ ಪಂಚೆಯನ್ನು ಕಚ್ಚೆ ಹಾಕಿ ಬಂದಿದ್ದ. ಎಂಟನೆಯ ಕಿಲೋಮೀಟರಿನಲ್ಲಿ ತೊಡೆಯ ಚರ್ಮ ಉಜ್ಜಿ, ಉಳಿದ ದಾರಿಯನ್ನು ಕಾಲಗಲಿಸಿ ನಡೆದ. ಮುಂಡಾಸು ಮಾತ್ರ ಕಿವಿ ಮುಚ್ಚಲು, ತುದಿ ಬಿಚ್ಚಿ ಮೂಗಿಗೆ ಅಡ್ಡ ಹಿಡಿಯಲು ಬಹಳ ಒಳ್ಳೆಯದು. ಆದರೆ ಉಸಿರಿನ ತೇವದಿಂದ ಬಟ್ಟೆಯ ಆ ಭಾಗ ರಟ್ಟಿನಂತೆ ಸೆಡೆಯುತ್ತದೆ, ಆಗಾಗ ಸರಿಸಿ ಒಣ ಭಾಗ ತರಬೇಕು. ತುಟಿಗೂ ತೊಡೆಯ ಸಂದಿಗೂ ಕೊಬ್ಬರಿ ಎಣ್ಣೆ ಸಾಕು. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಊಟಿಯಲ್ಲಿ ವರ್ಷವಿಡೀ ಬೆಣ್ಣೆಯಂತೆಯೇ ಇರುತ್ತದೆ, ಬೆರಳಲ್ಲಿ ತೋಡಿಕೊಂಡರೆ ಆಯಿತು.

ರಸ್ತೆಯ ಮೇಲೆ ಹುಷಾರಾಗಿರಬೇಕಾದದ್ದು ಬಿಳಿಯಾಗಿ ಕಾಣುವ ಜಾಗಗಳಲ್ಲಲ್ಲ. ಬಿಳಿ ಹುಲ್ಲು ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ, ಜಾರುವುದಿಲ್ಲ. ಮೋರಿಯ ಪಕ್ಕ ನೀರು ಒಸರಿ ಕಣ್ಣಿಗೆ ಕಾಣದ ಗಾಜಿನಂತೆ ಗಟ್ಟಿಯಾದ ಜಾಗ, ರಸ್ತೆಯ ಬಣ್ಣದ ಪಟ್ಟಿ, ಇವೇ ಬೀಳಿಸುವುದು. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಪಾದವನ್ನು ಪೂರ್ತಿ ಊರಿ ದಾಟುತ್ತೇನೆ. ಮೊಬೈಲನ್ನು ಅಂಗಿಯ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಹೊರಜೇಬಿನಲ್ಲಿದ್ದ ನನ್ನ ಫೋನ್ ಅರ್ಧ ಬ್ಯಾಟರಿ ಇದ್ದರೂ ಕಣ್ಣು ಮುಚ್ಚಿತ್ತು. ಬಾಯಾರಿಕೆ ಆಗುವುದೇ ಇಲ್ಲ, ಆದರೂ ಗಂಟೆಗೆ ಎರಡು ಸಲ ಶುಂಠಿ ಬೆಲ್ಲದ ಬಿಸಿನೀರು ಕುಡಿಯುತ್ತೇನೆ. ತಿನ್ನಲು ಮೊದಲು ಊಟಿಯ ವರ್ಕಿ ಒಯ್ದಿದ್ದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ತಿಂಡಿ, ಚಹಾದ ಜೊತೆ ಅದಕ್ಕೆ ಸಮ ಇಲ್ಲ, ಓಡುತ್ತಾ ತಿಂದರೆ ಮಾತ್ರ ಪುಡಿಯೆಲ್ಲ ಗಂಟಲಿಗೆ ಸಿಕ್ಕಿ ಪ್ರಾಣ ಹೋಗುತ್ತದೆ. ಈಗ ಕಡಲೆಮಿಠಾಯಿ.

ಕಟ್ಟಬೆಟ್ಟು ದಾಟಿದ ಮೇಲೆ ಬಿಸಿಲು ಹತ್ತುತ್ತದೆ, ಜಾಕೆಟ್ ಸೊಂಟಕ್ಕೆ ಇಳಿಯುತ್ತದೆ, ಮೊಣಕಾಲು ದೂರು ಹೇಳಲು ಶುರು ಮಾಡುತ್ತದೆ. ಓಟ ಮುಗಿಯುವುದು ಕೋತಗಿರಿಯ ಆಚೆ ಕನ್ನೇರಿಮುಕ್ಕಿನಲ್ಲಿ, 1819ರಲ್ಲಿ ಬೆಟ್ಟ ಹತ್ತಿ ಬಂದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ ಬಂಗಲೆಯ ಎದುರು. ಮೂರನೆಯ ವರ್ಷ ನನಗೆ 4 ಗಂಟೆ 35 ನಿಮಿಷ ಹಿಡಿಯಿತು, ಕಾಟಿಯ ಹನ್ನೊಂದು ನಿಮಿಷವೂ ಅದರಲ್ಲೇ. ಕದಡಿದ್ದು ಎರಡೇ ಕಾಗದ. ಎರಡನೆಯ ಸ್ಥಾನ. ಗೆದ್ದವನು ಚಹಾ ಬೆಳೆಯುವ ಬಡಗ ಗೆಳೆಯ. ಅವನ ಇಪ್ಪತ್ತೂ ಕಾಗದ ಗರಿಗರಿಯಾಗಿದ್ದವು. ಗುಟ್ಟೇನು ಎಂದರೆ, ಏರಿನಲ್ಲಿ ಓಡಲೇ ಇಲ್ಲ, ನಡೆದೆ ಎಂದ.

ನನ್ನ ಒಂದು ಕಾಗದ ಮಾತ್ರ ತಲುಪಲಿಲ್ಲ. ಕೊನೆಯ ಹಟ್ಟಿಯ ಆ ಮನೆಗೆ ಬೀಗ ಬಿದ್ದಿತ್ತು, ಮನೆಯವರೆಲ್ಲ ಬೇರಗಣಿಯಲ್ಲಿ ನಡೆಯುವ ಬಡಗರ ದೇವತೆ ಹೆತ್ತೆಯ ಹಬ್ಬಕ್ಕೆ ಹೋಗಿದ್ದರು. ದಿನ ಗೊತ್ತು ಮಾಡುವಾಗ ಹಬ್ಬದ ಪಂಚಾಂಗ ನೋಡದಿದ್ದದ್ದು ನಮ್ಮದೇ ತಪ್ಪು. ನಿಯಮದ ಪ್ರಕಾರ ಲಕೋಟೆಯ ಮೇಲೆ "ಮನೆಗೆ ಬೀಗ" ಎಂದು ಬರೆದು ವಾಪಸು ಒಯ್ಯಬೇಕು. ಊಟಿಗೆ ಹಿಂತಿರುಗುವ ಬಸ್ಸಿನ ತುಂಬ ಬಿಳಿ ಬಟ್ಟೆ ಉಟ್ಟ ಹಬ್ಬದ ಜನ. ಪ್ರತಿ ತಿರುವಿಗೂ ನನ್ನ ಕೋಲು ಝಲ್ಲೆನ್ನುತ್ತಿತ್ತು. ನಾಲ್ಕನೆಯ ತಿರುವಿಗೆ ಕಂಡಕ್ಟರ್ ಬಂದು, "ಅಣ್ಣ, ಅದನ್ನು ಸುಮ್ಮನಿರಿಸಿ" ಎಂದರು. ಕೈಯಲ್ಲಿದ್ದ ಉಣ್ಣೆಯ ಕಾಲುಚೀಲವನ್ನು ತೆಗೆದು ಗೆಜ್ಜೆಗೆ ತೊಡಿಸಿದೆ.