ಮಳೆ ನಿಂತ ಮೇಲೆ ಸಿಕ್ಕ ಫೋಟೋ: ವಿಂಚೆಸ್ಟರ್ ನೆಲಮಾಳಿಗೆಯ ನನ್ನ ಅನುಭವ

ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚ್‌ನ ನೆಲಮಾಳಿಗೆಗೆ ಚಳಿಗಾಲದಲ್ಲಿ ನೀರು ನುಗ್ಗುತ್ತದೆ. ಅಲ್ಲಿರುವ ಶಿಲ್ಪಿ ಆಂಟನಿ ಗಾರ್ಮ್ಲಿ ಮಾಡಿದ ಮನುಷ್ಯನ ಪ್ರತಿಮೆಯನ್ನು ಪೂರ್ತಿ ಪ್ರತಿಬಿಂಬದ ಜೊತೆ ಹಿಡಿಯಬೇಕು ಅನ್ನುವುದು ನನ್ನ ಹಟ. "ಜೋರು ಮಳೆ ಬಂದ ಮಾರನೇ ದಿನ ಹೋಗಪ್ಪ" ಅಂದರು ಇಲ್ಲಿನ ಕನ್ನಡದ ಕ್ಯಾಮೆರಾ ಗೆಳೆಯರು. ಹೋದೆ. ನೆಲ ಬರೀ ಒದ್ದೆ. ಮತ್ತೆ ಹೋದೆ, ಪಾದ ಮುಳುಗುವಷ್ಟೂ ನೀರಿಲ್ಲ. ಲಂಡನ್ನಿಂದ ರೈಲು, ಟಿಕೆಟ್, ಊಟ ಸೇರಿ ಪ್ರತಿ ಸಲ 60-70 ಪೌಂಡ್ ಕೈಬಿಡುತ್ತಿತ್ತು. ಮನೆಯಲ್ಲಿ ಬೈಸಿಕೊಂಡಿದ್ದೂ ಆಯ್ತು.

ಆಮೇಲೆ ಹೊಳೆಯಿತು. ಇದು ಮೇಲಿಂದ ಸೋರುವ ನೀರಲ್ಲ, ಕೆಳಗಿಂದ ಏರುವ ಅಂತರ್ಜಲ. 1079ರಲ್ಲಿ ಶುರುವಾದ ಈ ಕಟ್ಟಡ ನಿಂತಿರುವುದೇ ಇಚೆನ್ ಹೊಳೆಯ ತಗ್ಗಿನಲ್ಲಿ. ಸುತ್ತಲೂ ಸೀಮೆಸುಣ್ಣದ ಕಲ್ಲು. ಅದು ಮಳೆಯನ್ನು ನಿಧಾನಕ್ಕೆ ಹೀರುತ್ತದೆ, ಅಂತರ್ಜಲ ಏರಲು ವಾರಗಟ್ಟಲೆ ಬೇಕು. 1906ರಿಂದ 1911ರವರೆಗೆ ವಿಲಿಯಂ ವಾಕರ್ ಎಂಬ ಮುಳುಗುಗಾರ ಕತ್ತಲ ನೀರಲ್ಲಿ ಕೈ ತಡವಿಕೊಂಡೇ ಕಾಂಕ್ರೀಟ್ ಚೀಲ ಜೋಡಿಸಿ ಅಡಿಪಾಯ ಉಳಿಸಿದ್ದೂ ಇದೇ ನೀರಿನ ಕಾಟಕ್ಕೆ ಅಲ್ವಾ?

ಮಳೆ ನೋಡುವುದು ಬಿಟ್ಟೆ. ಸರ್ಕಾರ ಪ್ರಕಟಿಸುವ ಬೋರ್‌ವೆಲ್ ನೀರಿನ ಮಟ್ಟ ನೋಡತೊಡಗಿದೆ. ಯಾವ ಬೋರ್‌ವೆಲ್, ಎಷ್ಟಕ್ಕೆ ಏರಿದಾಗ ಹೊರಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಫೆಬ್ರವರಿಯಲ್ಲಿ ಒಳ್ಳೆ ಬಿಸಿಲಿದ್ದ ದಿನ ಹೊರಟಾಗ ಗೆಳೆಯರು ನಕ್ಕರು. ಹೋಗಿ ನೋಡಿದರೆ ನೀರು ಪ್ರತಿಮೆಯ ಮೊಣಕಾಲು ದಾಟಿತ್ತು! ಬೊಗಸೆಯ ನೀರನ್ನೇ ನೋಡುತ್ತ ನಿಂತ ಆ ಮನುಷ್ಯ, ಹಿಂದಿನ ಕಮಾನುಗಳು, ಎಲ್ಲವೂ ನೀರಲ್ಲಿ ತಲೆಕೆಳಗಾಗಿ ಸ್ಪಷ್ಟವಾಗಿದ್ದವು.

ನಿಂತು ನೋಡುವ ಜಾಗ ಇಕ್ಕಟ್ಟು. ಹಾಗಾಗಿ ಟ್ರೈಪಾಡ್ ಒಯ್ದಿರಲಿಲ್ಲ. ಬಟ್ಟೆಚೀಲಕ್ಕೆ ಹೆಸರುಕಾಳು ತುಂಬಿಸಿ, ಮಂಡಿಯೂರಿ, ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಮೊದಲು ಅಕ್ಕಿ ತುಂಬಿ ನೋಡಿದ್ದೆ, ಭಾರ ಬಿದ್ದರೆ ಜಾರುತ್ತದೆ. ಬೊಗಸೆಗೆ ಫೋಕಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಲೆನ್ಸಿನ ಕಿಂಡಿ ಎಫ್/8, ಶಟರ್ ತೆರೆದಿದ್ದು 6-8 ಸೆಕೆಂಡ್ ಇರಬೇಕು. ಹಿಂದಿನವರ ಮೊಬೈಲ್ ಫ್ಲ್ಯಾಷ್‌ನಿಂದ ಸುಮಾರು ಫ್ರೇಮ್ ಹಾಳಾದವು. ಸುಮ್ನೆ ಪೋಲರೈಸರ್ (ನೀರಿನ ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ತಿರುಗಿಸಿದೆ. ಪ್ರತಿಬಿಂಬ ಅರ್ಧ ಅಳಿಸಿ, ನೀರಿನಡಿಯ ನೆಲ ಕಂಡಿತು. ಅದೇ ಬೇರೆ ಚಿತ್ರ, ನನಗೆ ಅದೂ ಇಷ್ಟ. ಫೋಟೋಗೆ ಬಂದಿದ್ದ ಹಳದಿ ಛಾಯೆ ಕಳೆದ ಬಗೆ ಇನ್ನೊಮ್ಮೆ ಹೇಳುತ್ತೇನೆ.

ದೊಡ್ಡ ಪ್ರಿಂಟ್‌ಗೆ 40 ಪೌಂಡ್ ಹತ್ತಿರ ಆಯ್ತು. ನಕ್ಕವರಲ್ಲೇ ಇಬ್ಬರು ಒಂದೊಂದನ್ನು ನೂರಕ್ಕೆ ತಗೊಂಡರು. ರೈಲಿನ ಖರ್ಚು ಬಹುಪಾಲು ಹುಟ್ಟಿದೆ.